ಪುಟ್ಟ ಉಗಿಬಂಡಿಗೆ ದನಿ ಕೊಡುವ ಬಗೆ

ಆಳಂದ, ಅಫಜಲಪುರ, ಜೇವರ್ಗಿ—ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕು ಕೇಂದ್ರಗಳಲ್ಲಿ ಯಾವುದನ್ನೂ ರೈಲಿನ ಹಳಿ ಬಂದು ಮುಟ್ಟಿಲ್ಲ. ಹಾಗೆಂದು ಉಗಿಬಂಡಿಯ ಕೂಗು ಈ ಸೀಮೆಗೆ ಅಪರಿಚಿತವಾಗಿತ್ತೆಂದು ಯಾರೂ ಭಾವಿಸಬಾರದು. ಮುಂಬಯಿಯಿಂದ ಸೊಲ್ಲಾಪುರವನ್ನು ಹಾಯ್ದು ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯು 1871ರಲ್ಲಿ ರಾಯಚೂರನ್ನು ತಲುಪಿ, ಮದರಾಸಿನ ಕಡೆಯಿಂದ ಬಂದ ಹಳಿಯೊಡನೆ ಕೂಡಿಕೊಂಡಿತು. ಗಾಣಗಾಪುರ ರೋಡ್, ಕಲಬುರಗಿ, ಶಹಾಬಾದ, ವಾಡಿ—ಇವೆಲ್ಲ ಆ ಹಳಿಯ ಮೇಲಿನ ನಿಲ್ದಾಣಗಳೇ. ದತ್ತಾತ್ರೇಯನ ದರ್ಶನಕ್ಕೆಂದು ಬಂದವರು ಗಾಣಗಾಪುರ ರೋಡಿನಲ್ಲಿ ಇಳಿಯುತ್ತಿದ್ದರು. ಬಂಡಿ ಅವರನ್ನು ಇಳಿಸಿ, ಒಮ್ಮೆ ನೀಳವಾಗಿ ಕೂಗಿ, ‘ಛಕ್ ಛಕ್’ ಎನ್ನುತ್ತ ಮುಂದಕ್ಕೆ ಸಾಗುತ್ತಿತ್ತು. ನಿಶ್ಶಬ್ದವಾದ ಇರುಳಿನಲ್ಲಿ ಆ ಕೂಗು ತೊಗರಿಯ ಹೊಲಗಳನ್ನು ದಾಟಿ ಹಲವು ಮೈಲಿ ಕೇಳಿಸುತ್ತಿತ್ತೆಂದು ಹಿರಿಯರು ಇಂದಿಗೂ ಹೇಳುವರು.

ಭಾರತದ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಉಗಿ ಎಂಜಿನಿನ ನಿತ್ಯಸೇವೆ 1995ರಲ್ಲಿ ಮುಗಿಯಿತು. ಇಂದು ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಆ ಧ್ವನಿಯನ್ನು ಕಿವಿಯಾರೆ ಕೇಳಿದವರು ಒಬ್ಬರೂ ಇಲ್ಲ. ಶಬ್ದಶಾಸ್ತ್ರವನ್ನು ಪಾಠ ಹೇಳುವ ನಮಗೆ ಇದೊಂದು ಕೊರತೆಯಾಗಿ ತೋರಿತು. ಆದುದರಿಂದ ಕೆಲವು ವಿದ್ಯಾರ್ಥಿಗಳೊಡನೆ ಕೂಡಿ, ಪ್ರಸಿದ್ಧವಾದ ಡಬ್ಲ್ಯೂಪಿ ವರ್ಗದ ಎಂಜಿನಿನ ಮಾದರಿಯೊಂದನ್ನು 87ರಲ್ಲಿ ಒಂದು ಪಾಲಿನ ಪ್ರಮಾಣದಲ್ಲಿ ಸಿದ್ಧಪಡಿಸಿ, ಅದಕ್ಕೆ ದನಿ ಕೊಡುವ ಕೆಲಸವನ್ನು ಕೈಗೊಂಡೆವು. ಇಂಥ ಮಾದರಿಗಳಲ್ಲಿ ಕೂರಿಸಲು ಧ್ವನಿ ಡಿಕೋಡರು, ಕಿರುಬೆರಳಗಲದ ಸ್ಪೀಕರು ಮುಂತಾದವು ಈಗ ದೊರೆಯುತ್ತವೆ. ಅವುಗಳನ್ನು ತಂದು ತಂತಿ ಜೋಡಿಸಿದರೆ ಕೆಲಸ ಮುಗಿಯಿತೆಂದು ಮೊದಲು ತಿಳಿದಿದ್ದೆವು. ಆದರೆ ಎಂಜಿನನ್ನು ಕುಗ್ಗಿಸಿದಷ್ಟು ಸುಲಭವಾಗಿ ಅದರ ಧ್ವನಿಯನ್ನು ಕುಗ್ಗಿಸಲಾಗದೆಂಬುದು ಕೆಲಸಕ್ಕಿಳಿದ ಮೇಲೆ ತಿಳಿಯಿತು. ಅದೇಕೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಎಂಜಿನಿನ ಉಸಿರು

ಮೊದಲು ನಿಜವಾದ ಎಂಜಿನಿನ ಧ್ವನಿ ಎಲ್ಲಿಂದ ಹುಟ್ಟುವುದೆಂಬುದನ್ನು ನೋಡೋಣ. ಎಂಜಿನಿನ ಎರಡು ಪಕ್ಕಗಳಲ್ಲಿ ಒಂದೊಂದು ಸಿಲಿಂಡರು ಇರುವುದು. ಪ್ರತಿಯೊಂದು ಸಿಲಿಂಡರಿನಲ್ಲಿಯೂ ಉಗಿಯು ಪಿಸ್ಟನ್ನನ್ನು ಒಮ್ಮೆ ಮುಂದಿನಿಂದ, ಒಮ್ಮೆ ಹಿಂದಿನಿಂದ ತಳ್ಳುತ್ತದೆ. ಹೀಗೆ ಗಾಲಿ ಒಂದು ಸುತ್ತು ಸುತ್ತುವುದರೊಳಗೆ ಒಂದು ಸಿಲಿಂಡರಿನಿಂದ ಎರಡು ಸಲ, ಎರಡರಿಂದ ಒಟ್ಟು ನಾಲ್ಕು ಸಲ, ಕೆಲಸ ಮುಗಿಸಿದ ಉಗಿ ಹೊರಬೀಳಬೇಕು. ಎರಡು ಪಕ್ಕಗಳ ತಿರುಗೋಲುಗಳನ್ನು ಒಂದಕ್ಕೊಂದು ಲಂಬಕೋನದಲ್ಲಿ ಇಟ್ಟಿರುವುದರಿಂದ ಈ ನಾಲ್ಕು ಉಸಿರುಗಳೂ ಸಮನಾದ ಅಂತರದಲ್ಲಿ ಬರುತ್ತವೆ. ಹೊರಬೀಳುವ ಉಗಿಯಲ್ಲಿ ಒತ್ತಡ ಇನ್ನೂ ಸಾಕಷ್ಟು ಉಳಿದಿರುವುದು. ಅದು ಹೊಗೆಕೊಳವೆಯ ಮೂಲಕ ಥಟ್ಟನೆ ಮೇಲಕ್ಕೆ ಚಿಮ್ಮಿದಾಗ ಗಾಳಿಗೆ ಒಂದು ಪೆಟ್ಟು ಬೀಳುತ್ತದೆ. ನಾವು ಕೇಳುವ ‘ಛಕ್’ ಎಂಬುದು ಆ ಪೆಟ್ಟೇ. ಇದೇ ಉಗಿ ತನ್ನೊಡನೆ ಹೊಗೆಯನ್ನೂ ಸೆಳೆದೊಯ್ದು ಒಲೆಯ ಉರಿಯನ್ನು ಹೆಚ್ಚಿಸುವುದರಿಂದ, ಈ ಸದ್ದನ್ನು ಎಂಜಿನಿನ ಉಸಿರೆಂದು ಕರೆಯುವುದು ಬರಿಯ ಅಲಂಕಾರದ ಮಾತಲ್ಲ.

ಈಗ ಒಂದು ಸಣ್ಣ ಲೆಕ್ಕ. ಡಬ್ಲ್ಯೂಪಿ ಎಂಜಿನಿನ ಚಾಲಕ ಗಾಲಿಯ ವ್ಯಾಸ 67 ಅಂಗುಲ, ಎಂದರೆ ಸುಮಾರು 1.7 ಮೀಟರು, ಸುತ್ತಳತೆ ಸುಮಾರು 5.3 ಮೀಟರು. ಬಂಡಿ ಗಂಟೆಗೆ 36 ಕಿಲೋಮೀಟರು, ಎಂದರೆ ಸೆಕೆಂಡಿಗೆ 10 ಮೀಟರು ಓಡಿದರೆ, ಗಾಲಿ ಸೆಕೆಂಡಿಗೆ 1.9ರಷ್ಟು ಸುತ್ತು ಸುತ್ತುವುದು. ಸುತ್ತಿಗೆ ನಾಲ್ಕರಂತೆ ಸೆಕೆಂಡಿಗೆ ಏಳೂವರೆ ಉಸಿರು. ನಮ್ಮ ಮಾದರಿಯಲ್ಲಿ ಗಾಲಿಯ ವ್ಯಾಸ 19.5 ಮಿಲಿಮೀಟರು. ವೇಗವನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸಿದರೆ ಅದು ಸೆಕೆಂಡಿಗೆ ಹನ್ನೊಂದೂವರೆ ಸೆಂಟಿಮೀಟರು ಓಡಬೇಕು. ಗಾಲಿಯೂ ವೇಗವೂ ಸಮವಾಗಿ ಕುಗ್ಗಿದುದರಿಂದ ಸುತ್ತುಗಳ ಸಂಖ್ಯೆ ಬದಲಾಗುವುದಿಲ್ಲ. ಪುಟ್ಟ ಎಂಜಿನಿಗೂ ಸೆಕೆಂಡಿಗೆ ಏಳೂವರೆ ಉಸಿರೇ. ಉದ್ದ, ಅಗಲ, ಎತ್ತರಗಳನ್ನು ಕುಗ್ಗಿಸಿದೆವು, ಕಾಲವನ್ನು ಕುಗ್ಗಿಸಲಿಲ್ಲ. ಇದು ನಮಗೆ ಒದಗಿದ ಅನುಕೂಲ. ನಿಜ ಎಂಜಿನಿನ ಧ್ವನಿಯನ್ನು ಅದರ ಗತಿಯನ್ನು ಬದಲಿಸದೆ ಮಾದರಿಯಲ್ಲಿ ನುಡಿಸಬಹುದು.

ಡಿಕೋಡರೆಂದರೇನು?

ಹಳೆಯ ಆಟಿಕೆಯ ರೈಲಿನಲ್ಲಿ ಹಳಿಗೆ ಕೊಡುವ ವಿದ್ಯುತ್ತಿನ ಒತ್ತಡವನ್ನು ಹೆಚ್ಚಿಸಿದರೆ ಬಂಡಿ ವೇಗವಾಗಿಯೂ, ತಗ್ಗಿಸಿದರೆ ನಿಧಾನವಾಗಿಯೂ ಓಡುತ್ತಿತ್ತು. ಬಂಡಿ ನಿಂತಾಗ ಹಳಿಯಲ್ಲಿ ವಿದ್ಯುತ್ತೇ ಇರುತ್ತಿರಲಿಲ್ಲ. ಆದರೆ ಉಗಿ ಎಂಜಿನು ನಿಂತಾಗಲೂ ಮೌನವಾಗಿರುವುದಿಲ್ಲ; ಅದು ಬುಸುಗುಡುತ್ತಲೇ ಇರುವುದು. ಹೀಗಿರಲು ಹಳೆಯ ಕ್ರಮ ನಮಗೆ ಒದಗದು. ಜರ್ಮನಿಯ ಬರ್ನ್ಡ್ ಲೆನ್ಜ್ ಅವರು ರೂಪಿಸಿದ ವಿಧಾನವನ್ನು ಆಧಾರವಾಗಿಟ್ಟುಕೊಂಡು, ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ರಾಷ್ಟ್ರೀಯ ಸಂಘವು 1990ರ ದಶಕದಲ್ಲಿ ಹೊಸ ಕ್ರಮವೊಂದನ್ನು ಎಲ್ಲರಿಗೂ ಸಮಾನವಾದ ಮಾನಕವಾಗಿ ಗೊತ್ತುಪಡಿಸಿತು.

ಇದರಲ್ಲಿ ಹಳಿಗೆ ಯಾವಾಗಲೂ ಪೂರ್ಣ ಒತ್ತಡವಿರುವುದು. ಆದರೆ ಅದರ ಧನ–ಋಣಗಳು ಅತಿ ಶೀಘ್ರವಾಗಿ ಅದಲುಬದಲಾಗುತ್ತಿರುತ್ತವೆ. ಒಂದು ಮಗ್ಗುಲು 58 ಮೈಕ್ರೋಸೆಕೆಂಡು ಇದ್ದರೆ ಅದು ‘1’ ಎಂಬ ಅಂಕೆ; 100 ಅಥವಾ ಹೆಚ್ಚು ಮೈಕ್ರೋಸೆಕೆಂಡು ಇದ್ದರೆ ‘0’ ಎಂಬ ಅಂಕೆ. ಮೈಕ್ರೋಸೆಕೆಂಡೆಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. ಹೀಗೆ ಒಂದೇ ಹಳಿಯಲ್ಲಿ ವಿದ್ಯುತ್ತೂ ಹರಿಯುವುದು, ಆಜ್ಞೆಯೂ ಹರಿಯುವುದು. ಅಂಚೆಯವನು ಕೇರಿಯಲ್ಲಿ ಹೆಸರು ಕೂಗಿದಾಗ ಆ ಹೆಸರಿನವರು ಮಾತ್ರ ಹೊರಗೆ ಬರುವಂತೆ, ಹಳಿಯ ಮೇಲಿರುವ ಹಲವು ಎಂಜಿನುಗಳಲ್ಲಿ ತನ್ನ ಸಂಖ್ಯೆಯನ್ನು ಕೇಳಿದ ಎಂಜಿನು ಮಾತ್ರ ಆ ಆಜ್ಞೆಯನ್ನು ಪಾಲಿಸುತ್ತದೆ. ಆಜ್ಞೆಯನ್ನು ಬಿಡಿಸಿ ಓದುವ ಸಾಧನವೇ ಡಿಕೋಡರು.

ಧ್ವನಿ ಡಿಕೋಡರಿನಲ್ಲಿ ಇನ್ನೂ ಎರಡು ಅಂಗಗಳಿವೆ. ಮೊದಲನೆಯದು ಸ್ಮೃತಿಕೋಶ. ನಿಜ ಎಂಜಿನಿನ ಉಸಿರು, ಸಿಳ್ಳು, ಗಂಟೆ, ಪಂಪುಗಳ ಸದ್ದುಗಳನ್ನು ಧ್ವನಿಮುದ್ರಿಸಿ, ಅಂಕಿಗಳ ರೂಪದಲ್ಲಿ ಅದರಲ್ಲಿ ಸಂಗ್ರಹಿಸಿರುತ್ತಾರೆ. ಎರಡನೆಯದು ಆ ಅಂಕಿಗಳನ್ನು ಮರಳಿ ವಿದ್ಯುತ್ತಿನ ಏರಿಳಿತಗಳಾಗಿ ಮಾಡಿ ಸ್ಪೀಕರಿಗೆ ಕಳಿಸುವ ವರ್ಧಕ. ಯಾವ ಸದ್ದನ್ನು ಯಾವಾಗ ನುಡಿಸಬೇಕೆಂಬುದನ್ನು ಡಿಕೋಡರು ಮೋಟಾರಿನಿಂದಲೇ ತಿಳಿದುಕೊಳ್ಳುವ ರೀತಿ ಸ್ವಾರಸ್ಯವಾಗಿದೆ. ಅದು ಮೋಟಾರಿಗೆ ಹೋಗುವ ವಿದ್ಯುತ್ತನ್ನು ಕ್ಷಣಮಾತ್ರ ತಡೆಹಿಡಿಯುತ್ತದೆ. ಸುತ್ತುತ್ತಲೇ ಇರುವ ಮೋಟಾರು ಆ ಕ್ಷಣದಲ್ಲಿ ಡೈನಮೋ ಆಗಿ ತಾನೇ ವಿದ್ಯುತ್ತನ್ನು ಹುಟ್ಟಿಸುವುದು. ಅದನ್ನು ಅಳೆದರೆ ವೇಗ ಗೊತ್ತಾಗುತ್ತದೆ. ಅದೇ ವೇಗವನ್ನು ಉಳಿಸಿಕೊಳ್ಳಲು ಹೆಚ್ಚು ವಿದ್ಯುತ್ತು ಬೇಕಾಯಿತೆಂದರೆ ಬಂಡಿ ಏರು ಹತ್ತುತ್ತಿದೆ ಎಂದರ್ಥ. ಆಗ ಗಟ್ಟಿಯಾದ ಉಸಿರನ್ನು ನುಡಿಸುತ್ತದೆ. ಇಳಿಜಾರಿನಲ್ಲಿ ಉಸಿರಡಗಿ ಸರಳುಗಳ ಕಿಣಿಕಿಣಿ ಮಾತ್ರ ಕೇಳುವುದು. ನಿಜ ಎಂಜಿನಿನ ವರ್ತನೆಯೂ ಹೀಗೆಯೇ. ಉಸಿರು ಗಾಲಿಯೊಡನೆ ಕೂದಲೆಳೆಯಷ್ಟೂ ತಪ್ಪಬಾರದೆಂದು ಬಯಸುವವರು ಅಚ್ಚಿಗೆ ನಾಲ್ಕು ಪುಟ್ಟ ಅಯಸ್ಕಾಂತಗಳನ್ನು ಅಂಟಿಸಿ, ಅವು ಎದುರಾದಾಗಲೆಲ್ಲ ಸೂಚನೆ ಕೊಡುವ ಗ್ರಾಹಕವನ್ನು ಇಡುವುದುಂಟು.

ಗಾಳಿಯನ್ನು ಕುಗ್ಗಿಸಲಾಗದು

ಇಲ್ಲಿಯವರೆಗೆ ಎಲ್ಲವೂ ಸರಾಗ. ತೊಡಕು ಹುಟ್ಟುವುದು ಸ್ಪೀಕರಿನಲ್ಲಿ. ನಮ್ಮ ಎಂಜಿನಿನ ಉದ್ದ ಟೆಂಡರೂ ಸೇರಿ ಸುಮಾರು 27 ಸೆಂಟಿಮೀಟರು. ಕಲ್ಲಿದ್ದಲು, ನೀರುಗಳನ್ನು ಹೊರುವ ಟೆಂಡರಿನ ಅಗಲ ಮೂರು ಸೆಂಟಿಮೀಟರಿಗಿಂತ ತುಸು ಹೆಚ್ಚು. ಅದರೊಳಗೆ ಹಿಡಿಸುವ ಸ್ಪೀಕರಿನ ವ್ಯಾಸ ಎರಡು ಸೆಂಟಿಮೀಟರನ್ನು ಹೆಚ್ಚು ಮೀರಲಾರದು. ಆದರೆ ಮಾದರಿಯ ಸುತ್ತಲಿನ ಗಾಳಿ ಮಾತ್ರ ಮಾದರಿಯ ಗಾಳಿಯಲ್ಲ; ಅದು ಪೂರ್ಣ ಪ್ರಮಾಣದ ಗಾಳಿ. ಅದರಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರು ವೇಗದಲ್ಲಿಯೇ ಸಾಗುವುದು. ಸೆಕೆಂಡಿಗೆ 100 ಕಂಪನಗಳ ತಗ್ಗು ಧ್ವನಿಯ ಒಂದು ಅಲೆಯ ಉದ್ದ 3.4 ಮೀಟರು. ಎರಡು ಸೆಂಟಿಮೀಟರಿನ ಪೊರೆಯೊಂದು ಮೂರು ಮೀಟರಿನ ಅಲೆಯನ್ನು ಎಬ್ಬಿಸಬೇಕಾಗಿದೆ! ಚಮಚದಿಂದ ಕೆರೆಯಲ್ಲಿ ತೆರೆ ಎಬ್ಬಿಸಿದಂತೆ ಇದು.

ಶಾಸ್ತ್ರ ಹೇಳುವುದೇನೆಂದರೆ, ಸ್ಪೀಕರಿನಿಂದ ಬರುವ ಶಬ್ದದ ಒತ್ತಡವು ಪೊರೆಯ ವಿಸ್ತೀರ್ಣ, ಅದರ ಚಲನೆಯ ದೂರ, ಹಾಗೂ ಕಂಪನಸಂಖ್ಯೆಯ ವರ್ಗ—ಈ ಮೂರರ ಗುಣಲಬ್ಧವನ್ನು ಅನುಸರಿಸುತ್ತದೆ. ಕಂಪನಸಂಖ್ಯೆ 1000ದಿಂದ 100ಕ್ಕೆ ಇಳಿದರೆ, ಅಷ್ಟೇ ಜೋರಾದ ಶಬ್ದಕ್ಕೆ ಪೊರೆ ನೂರು ಪಟ್ಟು ದೂರ ಅಲುಗಬೇಕು. ಮೊದಲು ಮಿಲಿಮೀಟರಿನ ನೂರರಲ್ಲೊಂದು ಪಾಲು ಅಲುಗಿದ್ದರೆ ಈಗ ಒಂದು ಪೂರ್ಣ ಮಿಲಿಮೀಟರು ಅಲುಗಬೇಕಾಗುವುದು. ಇಂಥ ಪುಟ್ಟ ಪೊರೆಗೆ ಅಷ್ಟು ಅವಕಾಶವಿಲ್ಲ. ಆದುದರಿಂದಲೇ ಮಾದರಿ ಎಂಜಿನಿನ ಸಿಳ್ಳು ಚೆನ್ನಾಗಿ ಕೇಳುವುದು. ಆದರೆ ಗಡಸಾದ ‘ಛಕ್’ ತೆಳ್ಳಗಾಗಿ, ಕೆಮ್ಮಿದಂತೆ ಕೇಳುವುದು.

ಹಾಗಾದರೆ ಉಪಾಯವಿಲ್ಲವೆ? ಇದೆ. ನಮ್ಮ ಕಿವಿಯೇ ಇಲ್ಲಿ ಸಹಾಯಕ್ಕೆ ಬರುವುದು. ಹಳೆಯ ಟೆಲಿಫೋನು ಸೆಕೆಂಡಿಗೆ 300ಕ್ಕಿಂತ ಕಡಿಮೆಯ ಕಂಪನಗಳನ್ನು ಸಾಗಿಸುತ್ತಲೇ ಇರಲಿಲ್ಲ. ಗಂಡಸರ ಧ್ವನಿಯ ಮೂಲ ಕಂಪನವಾದರೋ 120ರ ಆಸುಪಾಸಿನಲ್ಲಿರುವುದು. ಆದರೂ ತಂದೆಯ ಧ್ವನಿ ಟೆಲಿಫೋನಿನಲ್ಲಿ ಮಗುವಿನ ಧ್ವನಿಯಂತೆ ಕೇಳಲಿಲ್ಲ. ಏಕೆಂದರೆ 120ರ ಗುಣಕಗಳಾದ 360, 480, 600 ಮುಂತಾದ ಕಂಪನಗಳು ಕಿವಿಯನ್ನು ಮುಟ್ಟಿದರೆ, ಇಲ್ಲದ ಮೂಲವನ್ನು ಮಿದುಳು ತಾನೇ ಊಹಿಸಿಕೊಳ್ಳುತ್ತದೆ. ಮಾದರಿಯಲ್ಲಿಯೂ ಹೀಗೆಯೇ. 300, 400ರ ಸುತ್ತಲಿನ ಕಂಪನಗಳನ್ನು ಶುದ್ಧವಾಗಿ ಹೊರಡಿಸಿದರೆ, ಅದರ ಕೆಳಗಿನ ಬಹುಪಾಲನ್ನು ಕೇಳುವವನ ಮಿದುಳೇ ತುಂಬಿಕೊಡುವುದು. ಈ ಮೆಟ್ಟಿಲಿನವರೆಗಾದರೂ ಸ್ಪೀಕರನ್ನು ಇಳಿಸುವುದು ನಮ್ಮ ಕೆಲಸ.

ಪೆಟ್ಟಿಗೆಯ ಮಹಿಮೆ

ಆ ಕೆಲಸವನ್ನು ಮಾಡುವುದು ಒಂದು ಪುಟ್ಟ ಪೆಟ್ಟಿಗೆ. ಸ್ಪೀಕರಿನ ಪೊರೆ ಮುಂದಕ್ಕೆ ಸರಿದಾಗ ಮುಂದಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ಸಡಿಲವಾಗುತ್ತದೆ. ಅಲೆ ಉದ್ದವಾಗಿದ್ದು ಪೊರೆ ಚಿಕ್ಕದಾಗಿದ್ದರೆ, ಒತ್ತಲ್ಪಟ್ಟ ಗಾಳಿ ಅಂಚನ್ನು ಬಳಸಿ ಹಿಂದಕ್ಕೆ ಹರಿದು ಸಡಿಲವಾದ ಎಡೆಯನ್ನು ತುಂಬಿಬಿಡುತ್ತದೆ. ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಕಸಿದುಕೊಂಡಂತಾಯಿತು. ಶಬ್ದ ಹೊರಗೆ ಹೋಗುವುದೇ ಇಲ್ಲ. ಶ್ರುತಿಕವೆಯನ್ನು ಬಡಿದು ಕಿವಿಯ ಬಳಿ ಹಿಡಿದು ನಿಧಾನವಾಗಿ ತಿರುಗಿಸಿದರೆ ಒಂದು ಸುತ್ತಿನಲ್ಲಿ ನಾಲ್ಕು ಸಲ ಧ್ವನಿ ಅಡಗುವುದನ್ನು ಪ್ರಯೋಗಶಾಲೆಯಲ್ಲಿ ಕಂಡವರಿಗೆ ಇದು ಹೊಸದಲ್ಲ. ಅಲ್ಲಿಯೂ ಎದುರುಬದುರಾದ ಅಲೆಗಳು ಒಂದನ್ನೊಂದು ಅಳಿಸುವುದೇ ಕಾರಣ.

ವಾಚಕರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹಳೆಯ ರೇಡಿಯೋದಿಂದ ಬಿಚ್ಚಿದ ಸ್ಪೀಕರನ್ನು ಬರಿಗೈಯಲ್ಲಿ ಹಿಡಿದು ಹಾಡು ನುಡಿಸಿರಿ. ಧ್ವನಿ ಕ್ಷೀಣವಾಗಿ, ಕೀಚಲಾಗಿ ಬರುವುದು. ಈಗ ದೊಡ್ಡ ರಟ್ಟಿನ ನಡುವೆ ಸ್ಪೀಕರಿನಷ್ಟೇ ಅಗಲದ ರಂಧ್ರ ಕೊರೆದು, ಅದಕ್ಕೆ ಸ್ಪೀಕರನ್ನು ಒತ್ತಿ ಹಿಡಿಯಿರಿ. ಒಡನೆಯೇ ತಬಲಾದ ಬಾಯಾ ಎದ್ದು ಕೇಳಿಸುವುದು. ನೀವು ಹೊಸದಾಗಿ ಯಾವ ಶಕ್ತಿಯನ್ನೂ ಕೊಡಲಿಲ್ಲ. ಮುಂದಿನ ಗಾಳಿ ಹಿಂದಕ್ಕೆ ಹರಿಯುವ ಹಾದಿಯನ್ನು ಮುಚ್ಚಿದಿರಿ, ಅಷ್ಟೆ. ತಂಬೂರಿಯ ಬುರುಡೆಯ ಕೆಲಸ ಬೇರೆ. ಅದು ತಂತಿಯ ಕಂಪನವನ್ನು ತಾನು ಪಡೆದು ಗಾಳಿಗೆ ದಾಟಿಸುವುದು. ನಮ್ಮ ಪೆಟ್ಟಿಗೆ ಕಂಪಿಸಬಾರದು. ಬಿಗಿಯಾಗಿ ನಿಂತು ಹಿಂದಿನ ಅಲೆಯನ್ನು ಸೆರೆಹಿಡಿಯಬೇಕು.

ಟೆಂಡರಿನಲ್ಲಿ ಅಷ್ಟು ದೊಡ್ಡ ರಟ್ಟಿಗೆ ಎಡೆಯಿಲ್ಲವಾದುದರಿಂದ ಸ್ಪೀಕರಿನ ಬೆನ್ನಿಗೆ ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆಯನ್ನು ಅಂಟಿಸಬೇಕು. ಅದರಲ್ಲಿ ಸೂಜಿಯ ಮೊನೆಯಷ್ಟು ಸೀಳೂ ಇರಬಾರದು. ತಂತಿ ಹೊರಬರುವ ರಂಧ್ರಕ್ಕೆ ಸಹ ಅಂಟು ತುಂಬಬೇಕು. ಹಾಗೆಂದು ಪೆಟ್ಟಿಗೆಯನ್ನು ತೀರ ಚಿಕ್ಕದಾಗಿ ಮಾಡುವಂತೆಯೂ ಇಲ್ಲ. ಒಳಗೆ ಸಿಕ್ಕಿಬಿದ್ದ ಗಾಳಿಯು ಬಾಯ್ಲನ ನಿಯಮದಂತೆ ಸ್ಪ್ರಿಂಗಾಗಿ ವರ್ತಿಸುವುದು. ಗಾಳಿ ಕಡಿಮೆಯಾದಷ್ಟೂ ಆ ಸ್ಪ್ರಿಂಗು ಗಡುಸಾಗಿ, ಸ್ಪೀಕರಿನ ಸಹಜ ಕಂಪನಸಂಖ್ಯೆ ಮೇಲಕ್ಕೇರುತ್ತದೆ. ತಗ್ಗು ಧ್ವನಿ ಮತ್ತೆ ಕೈಬಿಡುವುದು. ಆದುದರಿಂದ ಟೆಂಡರಿನಲ್ಲಿ ದೊರೆಯುವ ಎಡೆಯನ್ನೆಲ್ಲ ಪೆಟ್ಟಿಗೆಗೆ ಕೊಡುವುದೇ ಜಾಣತನ. ಸ್ಪೀಕರಿನ ಮುಖವನ್ನು ಮೇಲಕ್ಕೆ ತಿರುಗಿಸಿದರೆ, ಅದರ ಮೇಲೆ ಹುಸಿ ಕಲ್ಲಿದ್ದಲನ್ನು ಹರಡಿ ಸಂದುಗಳನ್ನು ಬಿಟ್ಟರಾಯಿತು.

ಧ್ವನಿ ಹೊರಡಬೇಕಾದುದು ಹೊಗೆಕೊಳವೆಯಿಂದಲ್ಲವೆ, ಟೆಂಡರಿನಿಂದ ಹೊರಟರೆ ಸರಿಯೆ, ಎಂದು ಒಬ್ಬ ವಿದ್ಯಾರ್ಥಿ ಕೇಳಿದನು. ಪ್ರಶ್ನೆ ಯೋಗ್ಯವಾದುದು. ಆದರೆ ಎರಡರ ನಡುವಣ ಅಂತರ ಒಂದು ಗೇಣಿನಷ್ಟು. ಕಣ್ಣು ಗಾಲಿಯನ್ನು ನೋಡುತ್ತಿರುವಾಗ ಕಿವಿ ಆ ಅಂತರವನ್ನು ಎಣಿಸುವುದಿಲ್ಲ. ಗೊಂಬೆಯಾಟದಲ್ಲಿ ಭಾಗವತರು ಪರದೆಯ ಹಿಂದೆ ಹಾಡಿದರೂ ಗೊಂಬೆಯೇ ಹಾಡಿತೆಂದು ನಾವು ನಂಬುವೆವಷ್ಟೆ!

ತಂತಿ ಜೋಡಿಸುವಾಗ

ಇನ್ನು ನಾವು ಮಾಡಿದ ಒಂದು ತಪ್ಪನ್ನು ಹೇಳಬೇಕು. ಇತರರಾದರೂ ಅದರಿಂದ ಪಾರಾಗಲಿ. ಒಂದು ಸ್ಪೀಕರಿನ ಧ್ವನಿ ಸಾಲದೆಂದು ನಾವು 4 ಓಮ್ ತಡೆಯ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದೆವು. ಡಿಕೋಡರಿನ ಮೇಲೆ 8 ಓಮ್ ಎಂದು ಸ್ಪಷ್ಟವಾಗಿ ಬರೆದಿತ್ತು. ಸಮಾಂತರ ಜೋಡಣೆಯಲ್ಲಿ ತಡೆ 2 ಓಮಿಗೆ ಇಳಿಯುವುದೆಂದು ಪ್ರತಿವರ್ಷವೂ ಕರಿಹಲಗೆಯ ಮೇಲೆ ಬರೆಯುವವರು ನಾವೇ. ಆದರೆ ಉತ್ಸಾಹದಲ್ಲಿ ಅದು ನೆನಪಿಗೆ ಬರಲಿಲ್ಲ. ವರ್ಧಕವು 3 ವೋಲ್ಟು ಕೊಡುವುದೆಂದು ಇಟ್ಟುಕೊಳ್ಳಿರಿ. 8 ಓಮಿನ ಮೂಲಕ ಹರಿಯುವ ವಿದ್ಯುತ್ತು 0.375 ಆಂಪೇರು, 2 ಓಮಿನ ಮೂಲಕ 1.5 ಆಂಪೇರು, ನಾಲ್ಕು ಪಟ್ಟು! ಪುಟ್ಟ ವರ್ಧಕ ಇದನ್ನು ತಾಳಲಿಲ್ಲ. ಎರಡು ನಿಮಿಷ ಭವ್ಯವಾಗಿ ಗರ್ಜಿಸಿ, ಸುಟ್ಟ ವಾಸನೆಯೊಡನೆ ಶಾಶ್ವತವಾಗಿ ಮೌನ ತಾಳಿತು. ಹಲವು ತಿಂಗಳು ಕೂಡಿಟ್ಟ ಹಣ ಹೋಯಿತು. ಎರಡನ್ನೂ ಶ್ರೇಣಿಯಲ್ಲಿ ಜೋಡಿಸಿದ್ದರೆ 4ಕ್ಕೆ 4 ಕೂಡಿ 8 ಓಮ್ ಆಗುತ್ತಿತ್ತು. ಎರಡನೆಯ ಡಿಕೋಡರಿನಲ್ಲಿ ಹಾಗೆಯೇ ಮಾಡಿದೆವು.

ಮತ್ತೊಂದು ತೊಂದರೆ ಎರೆಮಣ್ಣಿನ ಧೂಳು. ಹಳಿಯ ಮೇಲೆ ಧೂಳು ಕೂತರೆ ಗಾಲಿಗೆ ವಿದ್ಯುತ್ತು ಕ್ಷಣಕಾಲ ತಪ್ಪುತ್ತದೆ. ಮೋಟಾರು ತನ್ನ ಭರದಲ್ಲಿ ಅದನ್ನು ದಾಟಿಬಿಡುವುದು. ಆದರೆ ಧ್ವನಿ ಕತ್ತರಿಸಿದಂತೆ ನಿಂತು, ಮತ್ತೆ ಮೊದಲಿನಿಂದ ಶುರುವಾಗುವುದು. ಇದಕ್ಕೆ ಪರಿಹಾರ ಒಂದು ಕಂಡೆನ್ಸರು. ಬರಗಾಲಕ್ಕೆಂದು ಹಗೇವಿನಲ್ಲಿ ಜೋಳ ತುಂಬಿಟ್ಟಂತೆ ಅದು ಸ್ವಲ್ಪ ವಿದ್ಯುತ್ತನ್ನು ತುಂಬಿಟ್ಟುಕೊಂಡು, ಸೆಕೆಂಡಿನ ಅಲ್ಪ ಭಾಗದ ಕೊರತೆಯನ್ನು ನೀಗುತ್ತದೆ.

ಕೂಗು ಯಾರದು?

ಎಲ್ಲವೂ ಸಿದ್ಧವಾದ ಮೇಲೆ, ಹಿಂದೆ ಉಗಿ ಎಂಜಿನಿನಲ್ಲಿ ಕಲ್ಲಿದ್ದಲು ಎರಚಿ ದುಡಿದು ನಿವೃತ್ತರಾದ ಹಿರಿಯರೊಬ್ಬರನ್ನು ಕರೆದು ತಂದು ತೋರಿಸಿದೆವು. ಅವರು ಬಗ್ಗಿ ಬಹಳ ಹೊತ್ತು ನೋಡಿದರು. ಉಸಿರು ಗಾಲಿಯೊಡನೆ ತಪ್ಪದೆ ಬೀಳುವುದನ್ನು ಕೇಳಿ ತಲೆದೂಗಿದರು. ಆಮೇಲೆ ಸಿಳ್ಳು ಹಾಕಿಸಿದೆವು. ಅವರು ಮುಗುಳ್ನಕ್ಕು, “ಬಂಡಿ ನಮ್ಮದದ, ಕೂಗು ನಮ್ಮದಲ್ಲ” ಎಂದರು.

ಅವರ ಮಾತು ನಿಜ. ನಾವು ತಂದ ಡಿಕೋಡರಿನಲ್ಲಿ ಅಡಗಿದ್ದುದು ಇಂಗ್ಲೆಂಡಿನ ಎಂಜಿನೊಂದರ ಧ್ವನಿ. ಸ್ಪೀಕರು, ಪೆಟ್ಟಿಗೆ, ಓಮುಗಳನ್ನೆಲ್ಲ ಸರಿಪಡಿಸಿದ ನಾವು, ನುಡಿಸುವ ಧ್ವನಿ ಯಾರದೆಂದು ಕೇಳಿಕೊಂಡಿರಲಿಲ್ಲ.

ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ 1979ರಿಂದ ಹಳೆಯ ಉಗಿ ಎಂಜಿನುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಅವುಗಳನ್ನು ಮುಟ್ಟಬಹುದು, ಅಳೆಯಬಹುದು, ನೋಡಿ ಮಾದರಿ ಮಾಡಬಹುದು. ಆದರೆ ಅವು ಉಸಿರಾಡುವುದಿಲ್ಲ. ನಿಂತ ಎಂಜಿನಿನ ಸಿಳ್ಳಿಗೆ ಪಂಪಿನಿಂದ ಗಾಳಿ ಊದಿದರಾಗದೆ, ಎಂದು ಕೇಳಬಹುದು. ಆಗದು. ಸಿಳ್ಳಿನ ಬಟ್ಟಲು ಒಂದು ಕಡೆ ಮುಚ್ಚಿದ ಕೊಳವೆ. ಅದರ ಸ್ವರ ಕೊಳವೆಯ ಉದ್ದವನ್ನೂ ಒಳಗಿನ ಅನಿಲದಲ್ಲಿ ಶಬ್ದದ ವೇಗವನ್ನೂ ಅವಲಂಬಿಸಿದೆ. ಬಿಸಿ ಉಗಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 470 ಮೀಟರನ್ನೂ ಮೀರುವುದು, ಗಾಳಿಯಲ್ಲಿ 340. ಲೆಕ್ಕದ ಪ್ರಕಾರ, ಉಗಿಯಿಂದ ಊದಿದಾಗ 800 ಕಂಪನಗಳಲ್ಲಿ ಕೂಗಿದ ಸಿಳ್ಳು ಗಾಳಿಯಿಂದ ಊದಿದರೆ 600ಕ್ಕಿಂತ ಕೆಳಗೆ ಕೂಗುವುದು. ಅದು ಆ ಎಂಜಿನಿನ ನಿಜ ಕೊರಳಲ್ಲ.

ಆದುದರಿಂದ ನಿಜವಾದ ಧ್ವನಿ ಬೇಕಾದರೆ ಬೆಂಕಿ ಹೊತ್ತಿದ, ಉಗಿ ತುಂಬಿದ ಎಂಜಿನಿನ ಬಳಿಗೇ ಹೋಗಬೇಕು. ಹರಿಯಾಣದ ರೇವಾರಿಯ ಉಗಿ ಎಂಜಿನುಗಳ ಕೇಂದ್ರದಲ್ಲಿ ಡಬ್ಲ್ಯೂಪಿ ವರ್ಗದ ಎಂಜಿನುಗಳನ್ನು ಚಾಲೂ ಸ್ಥಿತಿಯಲ್ಲಿ ಉಳಿಸಿಕೊಂಡಿದ್ದಾರೆ. ಅವು ಉಸಿರಾಡುತ್ತಿರುವಾಗಲೇ—ನಿಂತಾಗ, ಹೊರಟಾಗ, ಏರು ಹತ್ತುವಾಗ, ಇಳಿಯುವಾಗ—ಅವುಗಳ ಧ್ವನಿಯನ್ನು ಕ್ರಮವಾಗಿ ಮುದ್ರಿಸಿಡಬೇಕು. ಕೆಲವು ಡಿಕೋಡರುಗಳಲ್ಲಿ ಹಳೆಯ ಧ್ವನಿಯನ್ನು ಅಳಿಸಿ ಹೊಸದನ್ನು ತುಂಬುವ ಅನುಕೂಲವೂ ಉಂಟು. ಮುಂದಿನ ರಜೆಯಲ್ಲಿ ಧ್ವನಿಗ್ರಾಹಕವನ್ನು ಹಿಡಿದು ಅಲ್ಲಿಗೆ ಹೋಗಿಬರಬೇಕೆಂದು ನಮ್ಮ ವಿದ್ಯಾರ್ಥಿಗಳು ಸಂಕಲ್ಪಿಸಿದ್ದಾರೆ.

ಎಂಜಿನಿನ ಉಕ್ಕು ನೂರು ವರ್ಷ ಬಾಳೀತು. ನಕ್ಷೆಯಿದ್ದರೆ ಮರಳಿ ಮಾಡಲೂ ಬಹುದು. ಧ್ವನಿಗಾದರೋ ನಕ್ಷೆಯಿಲ್ಲ. ಅದನ್ನು ಗುರುತಿಸಬಲ್ಲ ಕಿವಿಗಳೂ ನಮ್ಮ ನಡುವೆ ವರ್ಷವರ್ಷಕ್ಕೆ ಕಡಿಮೆಯಾಗುತ್ತಿವೆ. ಆ ಹಿರಿಯರು ಇರುವಾಗಲೇ ಪುಟ್ಟ ಬಂಡಿಯ ಕೂಗನ್ನು ತಿದ್ದಿ, ಅವರ ಮುಂದೆ ಇನ್ನೊಮ್ಮೆ ಸಿಳ್ಳು ಹಾಕಿಸಬೇಕೆಂಬುದು ನಮ್ಮ ಆಸೆ.